ಅಮೀರ ಟಾಕೀಜಿನ ಹೆಸರಿನ ಹಿಂದೆ ಬೀಳಗಿಯ ಹೆಣ್ಣುಮಗಳು

ವಿಜಾಪುರದಲ್ಲಿ ಸಿನಿಮಾ ನೋಡಿ ಬೆಳೆದವರಿಗೆ ಅಮೀರ ಟಾಕೀಜು ಗೊತ್ತಿಲ್ಲದ ಹೆಸರಲ್ಲ. ಆದರೆ ಈ ಅಮೀರ ಯಾರು ಅಂತ ಕೇಳಿ ನೋಡಿ. ಒಬ್ಬ ಯಾರೋ ಸಾಹುಕಾರ ಇರಬೇಕು ಅಂದಾನು, ಇನ್ನೊಬ್ಬ ಆದಿಲಶಾಹಿ ಕಾಲದ ಅಮೀರ ಉಮರಾವನ ತನಕ ಹೋದಾನು. ಸಾಹುಕಾರನೂ ಅಲ್ಲ, ಉಮರಾವನೂ ಅಲ್ಲ. ಅದು ಒಬ್ಬ ಹೆಣ್ಣುಮಗಳ ಹೆಸರು. ಬೀಳಗಿಯಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ, ಒಂದು ಕಾಲಕ್ಕೆ ಹಿಂದೂಸ್ತಾನದ ಉದ್ದಗಲಕ್ಕೂ ಹಾಡು ಕೇಳಿಸಿದ ಅಮೀರಬಾಯಿ ಕರ್ನಾಟಕಿ. ಹಾಡಿ ಗಳಿಸಿದ ರೊಕ್ಕದಾಗೆ ಆಕೆ ಕಟ್ಟಿಸಿದ ಥೇಟರು ಅದು.

ಬೀಳಗಿ ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಊರು. ೧೯೯೭ರಲ್ಲಿ ಜಿಲ್ಲೆ ಒಡೆಯುವ ತನಕ ವಿಜಾಪುರ ಜಿಲ್ಲೆಯದೇ. ಆಗಿನ ಕಾಲಕ್ಕೆ ಅದು ಮುಂಬಯಿ ಇಲಾಖೆ. ಹೀಗಾಗಿ ನಮ್ಮ ಕಡೆಯ ಮಂದಿಗೆ ದೊಡ್ಡ ಊರು ಅಂದರೆ ಬೆಂಗಳೂರಲ್ಲ, ಮುಂಬಯಿ ಇಲ್ಲಾ ಪುಣೆ. ಕೋರ್ಟಿನ ಕಾಗದ, ಬಟ್ಟೆಯ ಗಂಟು, ನಾಟಕದ ಪರದೆ ಎಲ್ಲವೂ ಆ ಕಡೆಯಿಂದಲೇ ಬರುತ್ತಿದ್ದವು. ಮರಾಠಿ ನಾಟಕ ಕಂಪನಿಗಳು ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಲ್ಲಿ ತಿಂಗಳುಗಟ್ಟಲೆ ಮೊಕ್ಕಾಂ ಮಾಡುತ್ತಿದ್ದವು. ಮರಾಠಿ ಸಂಗೀತ ನಾಟಕಕ್ಕೆ ತಳಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು ಅನ್ನುವುದನ್ನು ಈಗ ಮರಾಠಿಯವರೂ ನೆನೆಯುವುದಿಲ್ಲ, ಕನ್ನಡದವರೂ ನೆನೆಯುವುದಿಲ್ಲ. ಬೀಳಗಿಯ ಆ ಮುಸಲ್ಮಾನ ಮನೆಯಲ್ಲಿ ಐವರು ಅಕ್ಕತಂಗಿಯರು. ಅವರಲ್ಲಿ ಇಬ್ಬರು ಹೆಸರು ಮಾಡಿದರು. ಒಬ್ಬರು ಗೋಹರಬಾಯಿ, ಇನ್ನೊಬ್ಬರು ಅಮೀರಬಾಯಿ.

ಇಬ್ಬರ ಹೆಸರಿನ ಮುಂದೂ ಕರ್ನಾಟಕಿ ಅಂತ ಸೇರಿಕೊಂಡಿತು. ಮುಂಬಯಿಯಲ್ಲಿ ಬಾಯಿಯರಿಗೇನು ಬರವೇ? ಗೋಹರ ಅನ್ನುವ ಹೆಸರಂತೂ ಮೂರು ಮೂರು ಇದ್ದವು. ರಣಜಿತ್ ಸ್ಟುಡಿಯೋದ ನಟಿ ಗೋಹರ ಬೇರೆ. ಮೊಟ್ಟಮೊದಲು ಗ್ರಾಮೋಫೋನಿಗೆ ಹಾಡಿ ಹೆಸರಾದ ಕಲಕತ್ತೆಯ ಗೌಹರ ಜಾನ್ ಬೇರೆ. ಆಕೆ ೧೯೩೦ರಲ್ಲಿ ಪ್ರಾಣ ಬಿಟ್ಟಿದ್ದು ನಮ್ಮ ಮೈಸೂರಿನಲ್ಲಿ. ನಮ್ಮ ಗೋಹರಬಾಯಿ ಬೀಳಗಿಯವರು. ಈ ಮೂವರನ್ನು ಕಲಸಿ ಬರೆದವರು ಬಹಳ ಮಂದಿ ಇದ್ದಾರೆ. ಓದುವವರು ಹುಷಾರಾಗಿರಬೇಕು.

ಅಮೀರಬಾಯಿ ಮುಂಬಯಿಗೆ ಹೋದಾಗ ಇನ್ನೂ ಎಳೇ ಹುಡುಗಿ, ಹದಿನೈದು ವರ್ಷದ ಆಜೂಬಾಜು ಅಂತಾರೆ. ನಾಯಿ ಮಾರ್ಕಿನ ಪ್ಲೇಟಿನ ಕಂಪನಿಯವರು ಆಕೆಯ ಕವ್ವಾಲಿ ಕೇಳಿ ಮೆಚ್ಚಿದರು. ಅಷ್ಟೊತ್ತಿಗೆ ಗೋಹರಬಾಯಿ ಮುಂಬಯಿಯಲ್ಲಿ ಪಾರ್ಟು ಮಾಡುತ್ತಿದ್ದರು. ಅವರ ವಸೂಲಿಯಿಂದಲೇ ೧೯೩೪ರಲ್ಲಿ ‘ವಿಷ್ಣುಭಕ್ತಿ’ ಅನ್ನುವ ಸಿನಿಮಾದಲ್ಲಿ ಅಮೀರಬಾಯಿಗೆ ಒಂದು ಪಾರ್ಟು ಸಿಕ್ಕಿತು. ಮುಂದೆ ನಾಲ್ಕೈದು ವರ್ಷ ಸಣ್ಣ ಪುಟ್ಟ ಪಾರ್ಟುಗಳೇ. ಒಂದು ಸಿನಿಮಾ ಓಡಿತು, ಮೂರು ಮಲಗಿದವು, ಹಂಗ.

ಆ ಕಾಲದ ಸಿನಿಮಾದ ಹಾಡಿನ ಕಥೆ ಇಲ್ಲಿ ಸ್ವಲ್ಪ ಹೇಳಬೇಕು. ೧೯೩೧ರಲ್ಲಿ ‘ಆಲಂ ಆರಾ’ ಮಾತಾಡತೊಡಗಿದ ಮೇಲೆ ನಾಲ್ಕು ವರ್ಷ ಯಾರು ಪಾರ್ಟು ಮಾಡುತ್ತಾರೋ ಅವರೇ ಹಾಡಬೇಕಿತ್ತು, ಅದೂ ಕ್ಯಾಮರಾ ಓಡುತ್ತಿರುವಾಗಲೇ. ತಬಲಾದವನು ಗಿಡದ ಮರೆಗೆ, ಹಾರ್ಮೋನಿಯಂದವನು ಪರದೆಯ ಹಿಂದೆ. ೧೯೩೫ರ ಹೊತ್ತಿಗೆ ಮೊದಲೇ ಹಾಡು ತುಂಬಿಟ್ಟುಕೊಂಡು, ಆಮೇಲೆ ನಟಿ ತುಟಿ ಆಡಿಸುವ ಉಪಾಯ ಬಂತು. ಇದರಿಂದ ಒಳ್ಳೆಯ ದನಿಯಿದ್ದ ಹೆಣ್ಣುಮಕ್ಕಳಿಗೆ ಕೆಲಸವೂ ಸಿಕ್ಕಿತು, ಅನ್ಯಾಯವೂ ಆಯಿತು. ಹಾಡಿದಾಕೆ ಒಬ್ಬಳು, ಮುಖ ಇನ್ನೊಬ್ಬಳದು, ಪ್ಲೇಟಿನ ಮೇಲೆ ಎಷ್ಟೋ ಸಲ ಕಥೆಯೊಳಗಿನ ಪಾತ್ರದ ಹೆಸರು! ಹಾಡಿದಾಕೆಯ ಹೆಸರೇ ಇಲ್ಲ. ಅಮೀರಬಾಯಿ ಪಾರ್ಟನ್ನೂ ಮಾಡಬಲ್ಲವರು, ಹಾಡನ್ನೂ ಹಾಡಬಲ್ಲವರು. ಆದರೂ ಜನರಿಗೆ ಬೇಕಾದದ್ದು ದನಿ. ೧೯೪೦ರ ‘ನರಸಿ ಭಗತ್’ ಸಿನಿಮಾದಲ್ಲಿ ವಿಷ್ಣುಪಂತ ಪಾಗನೀಸರ ಸಂಗಡ ನರಸಿ ಮೆಹತಾರ ಭಜನೆಗೆ ದನಿ ಕೊಟ್ಟರು. ಗಾಂಧೀಜಿಯವರ ಪ್ರಾರ್ಥನೆಯಲ್ಲಿ ದಿನಾ ಇರುತ್ತಿದ್ದ ಭಜನೆ ಅದೇ. ಅಮೀರಬಾಯಿ ಹಾಡಿದ್ದು ಗಾಂಧೀಜಿಗೂ ಹಿಡಿಸಿತ್ತು ಅಂತ ಹೇಳುವ ರೂಢಿ ಉಂಟು.

ಇನ್ನು ೧೯೪೩. ಬಾಂಬೆ ಟಾಕೀಜಿನವರ ‘ಕಿಸ್ಮತ್’ ತೆರೆಗೆ ಬಂತು. ಅಶೋಕಕುಮಾರ ಜೇಬುಗಳ್ಳ. ಮಮ್ತಾಜ ಶಾಂತಿ ಕಾಲು ಊನವಾದ ನಾಟಕದ ಹುಡುಗಿ. ಯಾವ ಥೇಟರಿನಲ್ಲಿ ಆಕೆ ಹೊಟ್ಟೆಪಾಡಿಗೆ ಹಾಡುತ್ತಾಳೋ ಆ ಥೇಟರು ಒಂದು ಕಾಲಕ್ಕೆ ಆಕೆಯ ಅಪ್ಪನದೇ ಆಗಿತ್ತು. ಅನಿಲ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಹಾಡು, ಹುಡುಗಿಗೆ ದನಿ ನಮ್ಮ ಅಮೀರಬಾಯಿಯದು. ಸಿನಿಮಾದ ಹೆಚ್ಚಿನ ಹಾಡು ಆಕೆಯವೇ. ಆಗಷ್ಟೇ, ೧೯೪೨ರ ಆಗಸ್ಟಿನಲ್ಲಿ, ಚಲೇಜಾವ್ ಚಳವಳಿ ಎದ್ದು ಮುಂದಾಳುಗಳೆಲ್ಲ ಜೇಲಿನಲ್ಲಿದ್ದರು. ಸಿನಿಮಾದೊಳಗೆ ರಂಗದ ಮೇಲೆ ಒಂದು ಮೇಳದ ಹಾಡು ಬರುತ್ತದೆ, ಹಿಂದೂಸ್ತಾನ ನಮ್ಮದು, ಪರದೇಶದವರು ದೂರ ಸರಿಯಿರಿ ಅನ್ನುವ ಅರ್ಥದ್ದು. ಅಮೀರಬಾಯಿ ಮತ್ತು ಖಾನ್ ಮಸ್ತಾನಾ ಹಾಡಿದ್ದು. ಪ್ರದೀಪರು ಜಾಣರು, ನಡುವೆ ಜರ್ಮನ್ನರ, ಜಪಾನಿಗಳ ಹೆಸರು ಸೇರಿಸಿಬಿಟ್ಟರು. ಸೆನ್ಸಾರಿನವರು ಇದು ಲಡಾಯಿಗೆ ಅನುಕೂಲದ ಹಾಡು ಅಂತ ಬಿಟ್ಟರು. ಕುಂತು ನೋಡುವ ಜನಕ್ಕೆ ಮಾತ್ರ ಯಾರಿಗೆ ಹೇಳುತ್ತಿದ್ದಾರೆ ಅಂತ ಚೆನ್ನಾಗಿ ತಿಳಿಯಿತು. ಆ ಹಾಡು ಮುಗಿದರೆ ಗದ್ದಲ. ರೀಲು ಹಿಂದಕ್ಕೆ ಸುತ್ತಿ ಮತ್ತೊಮ್ಮೆ ತೋರಿಸುವ ತನಕ ಮುಂದಿನ ಆಟ ನಡೆಯಗೊಡುತ್ತಿರಲಿಲ್ಲ. ಆಮೇಲೆ ಸರಕಾರಕ್ಕೆ ಗುಟ್ಟು ಗೊತ್ತಾಗಿ ಪ್ರದೀಪರು ಕೆಲವು ದಿನ ತಲೆಮರೆಸಿಕೊಳ್ಳಬೇಕಾಯಿತು.

‘ಕಿಸ್ಮತ್’ ಕಲಕತ್ತೆಯ ರಾಕ್ಸಿ ಥೇಟರಿನಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿತು. ಆ ದಾಖಲೆ ಮುರಿಯಲು ‘ಶೋಲೆ’ ಬರಬೇಕಾಯಿತು. ಮೂರು ವರ್ಷ ದಿನಾ ಬೀಳಗಿಯ ಹುಡುಗಿಯ ದನಿ ಕಲಕತ್ತೆಯ ಜನರ ಕಿವಿಗೆ ಬೀಳುತ್ತಿತ್ತು ಅಂತಾಯಿತು. ನಮ್ಮ ಜಿಲ್ಲೆಯಿಂದ ಜೋಳ, ಹತ್ತಿ ಹೊರಗೆ ಹೋದದ್ದಕ್ಕೆ ಲೆಕ್ಕ ಇಟ್ಟವರಿದ್ದಾರೆ. ಇದಕ್ಕೆ ಲೆಕ್ಕ ಇಟ್ಟವರಿಲ್ಲ.

ಮುಂದಿನ ನಾಲ್ಕೈದು ವರ್ಷ ಅಮೀರಬಾಯಿಯದೇ ಸುಗ್ಗಿ. ೧೯೪೪ರ ‘ರತನ್’ಗೆ ನೌಷಾದರು ಹಾಡಿಸಿದರು. ೧೯೪೬ರ ‘ರಾಣಕದೇವಿ’ ಅನ್ನುವ ಗುಜರಾತಿ ಸಿನಿಮಾದಲ್ಲಿ ನಮ್ಮ ಹಳ್ಳಿಗೆ ಒಂದು ಸಲ ಬಂದು ಹೋಗಿ ಅಂತ ಕರೆಯುವ ಹಾಡು ಗುಜರಾತಿನ ಮನೆಮನೆಗೆ ಮುಟ್ಟಿತು. ನಮ್ಮ ಪೇಟೆಯ ಹಳೆಯ ಗುಜರಾತಿ ವ್ಯಾಪಾರಸ್ಥರನ್ನು ಕೇಳಿ ನೋಡಿ, ಹಾಡು ಗೊತ್ತಿರುತ್ತದೆ, ಹಾಡಿದಾಕೆ ಇಲ್ಲಿಯವಳು ಅಂತ ಗೊತ್ತಿರಲಿಕ್ಕಿಲ್ಲ. ೧೯೪೭ರ ‘ಶಹನಾಯಿ’ಯಲ್ಲಿ ಸಿ. ರಾಮಚಂದ್ರರ ಸಂಗೀತಕ್ಕೆ ಹಾಡಿದರು. ೧೯೪೮ರಲ್ಲಿ ‘ಶಹನಾಜ್’ ಅನ್ನುವ ಸಿನಿಮಾಕ್ಕೆ ತಾವೇ ಸಂಗೀತ ಹೊಂದಿಸಿದರು. ಇಂದಿಗೂ ಹೆಣ್ಣುಮಕ್ಕಳಿಗೆ ಸುಲಭಕ್ಕೆ ಬಿಟ್ಟುಕೊಡದ ಕುರ್ಚಿ ಅದು! ಹಾಡಿಗೆ ಮೆಚ್ಚಿದವರು ಕನ್ನಡ ಕೋಗಿಲೆ ಅಂದರು.

ಹೊರಗೆ ಇಷ್ಟೆಲ್ಲ. ಮನೆಯೊಳಗೆ? ಅಮೀರಬಾಯಿ ಮದುವೆಯಾದದ್ದು ಹಿಮಾಲಯವಾಲಾ ಅನ್ನುವ ನಟನನ್ನು. ತೆರೆಯ ಮೇಲೆ ಖಳನಾಯಕನ ಪಾರ್ಟಿಗೆ ಹೆಸರಾದ ಆಸಾಮಿ. ಆ ಸಂಸಾರ ಬಹಳ ದಿನ ನಡೆಯಲಿಲ್ಲ, ನಡೆದಷ್ಟು ದಿನವೂ ಆಕೆ ಕಣ್ಣೀರು ಕುಡಿದರು. ದೇಶ ಒಡೆದಾಗ ಆತ ಪಾಕಿಸ್ತಾನಕ್ಕೆ ನಡೆದ, ಅಲ್ಲಿಯೂ ಸಿನಿಮಾದಲ್ಲಿ ನಡೆದುಕೊಂಡ. ಅಮೀರಬಾಯಿ ಹೋಗಲಿಲ್ಲ. ನೂರಜಹಾನರಂಥ ದೊಡ್ಡ ಹಾಡುಗಾರ್ತಿ ಗಂಟು ಕಟ್ಟಿಕೊಂಡು ಹೊರಟ ಕಾಲ ಅದು, ಮುಸಲ್ಮಾನ ಕಲಾವಿದರಿಗೆ ಇರಬೇಕೋ ಹೋಗಬೇಕೋ ಅನ್ನುವ ದಿಗಿಲು. ಈಕೆ ಮುಂಬಯಿಯಲ್ಲೇ ನಿಂತರು, ಕಾಲ ಸರಿದ ಮೇಲೆ ‘ಪಾರಸ್’ ಅನ್ನುವ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. ನಮ್ಮ ಕಸುಬಿನವರು ಅಂತ ಹೇಳುವುದಲ್ಲ, ಎರಡನೆಯ ಸಂಸಾರದಲ್ಲಿ ನೆರಳು ಸಿಕ್ಕಿತು.

ಗೋಹರಬಾಯಿಯ ಕಥೆ ಹೇಳದಿದ್ದರೆ ಇದು ಅರ್ಧ ಕಥೆ. ಮರಾಠಿ ರಂಗಭೂಮಿಯ ಬಾಲಗಂಧರ್ವರ ಹೆಸರು ಕೇಳದವರು ನಮ್ಮ ಕಡೆ ಕಡಿಮೆ. ನಾರಾಯಣರಾವ ರಾಜಹಂಸ ಅಂತ ಅವರ ಹೆಸರು, ಹುಟ್ಟಿದ್ದು ೧೮೮೮ರಲ್ಲಿ. ಗಂಡಸಾಗಿ ಹೆಣ್ಣು ಪಾರ್ಟು ಮಾಡಿ, ಅವರು ಉಟ್ಟ ಸೀರೆ, ಮುಡಿದ ಹೂವಿನ ರೀತಿಯನ್ನು ಖಾನದಾನಿ ಹೆಂಗಸರು ನೋಡಿ ಕಲಿಯುವಷ್ಟು ಮೋಡಿ ಹಾಕಿದವರು. ೧೯೧೩ರಲ್ಲಿ ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಅವರ ಪ್ಲೇಟು ಕೇಳಿ ಕೇಳಿಯೇ ಅವರ ಗಾಯಕಿಯನ್ನು ಗಂಟಲಿಗೆ ಇಳಿಸಿಕೊಂಡವರು ಬೀಳಗಿಯ ಗೋಹರಬಾಯಿ ಅಂತ ಹೇಳುತ್ತಾರೆ. ೧೯೩೮ರಲ್ಲಿ ಗೋಹರಬಾಯಿ ಆ ಕಂಪನಿ ಸೇರಿದರು. ಬಾಲಗಂಧರ್ವರಿಗೆ ಆಗ ಐವತ್ತು, ಮೈ ಭಾರವಾಗಿತ್ತು. ಗೋಹರಬಾಯಿ ಹೆಣ್ಣು ಪಾರ್ಟಿಗೆ ನಿಂತರು, ಜನ್ಮವೆಲ್ಲ ಹೆಣ್ಣು ಪಾರ್ಟು ಮಾಡಿದ ಮಹಾಶಯರು ಗಂಡು ಪಾರ್ಟು ಹಾಕತೊಡಗಿದರು.

ಪುಣೆ, ಮುಂಬಯಿಯ ಅಭಿಮಾನಿಗಳು ಇದನ್ನು ಸಹಿಸಲಿಲ್ಲ. ಬೇರೆ ಜಾತಿ, ಬೇರೆ ಭಾಷೆ, ಹಾಡುವ ಹೆಂಗಸು. ಕಂಪನಿ ಮುಳುಗಿದ್ದು ಈಕೆಯಿಂದಲೇ ಅಂತ ಗುಲ್ಲೆಬ್ಬಿಸಿದರು. ಮರಾಠಿಯಲ್ಲಿ ಬರೆದವರಲ್ಲೂ ಈ ಮಾತು ಬೇರೂರಿದೆ. ಆದರೆ ವರ್ಷಗಳ ಲೆಕ್ಕ ತೆಗೆಯಿರಿ. ಕಂಪನಿಯ ಮೇಲೆ ಸಾಲ ಕೂತದ್ದು ೧೯೨೦ರ ದಶಕದಲ್ಲೇ. ಅತ್ತರು, ರೇಷ್ಮೆ, ಗಾಲಿಚೆ ಅಂತ ಕೈ ಸಡಿಲು ಬಿಟ್ಟವರು ಸ್ವತಃ ಯಜಮಾನರು. ೧೯೩೨ರಲ್ಲಿ ಮರಾಠಿ ಟಾಕೀಜು ಬಂದ ಮೇಲೆ ನಾಟಕದ ಗಲ್ಲಾಪೆಟ್ಟಿಗೆ ಬರಿದಾಗುತ್ತ ಬಂತು. ೧೯೩೫ರಲ್ಲಿ ಬಾಲಗಂಧರ್ವರೇ ಪ್ರಭಾತ ಕಂಪನಿಯ ‘ಧರ್ಮಾತ್ಮಾ’ ಸಿನಿಮಾದಲ್ಲಿ ಸಂತ ಏಕನಾಥರ ಪಾರ್ಟು ಮಾಡಲು ಹೋದರು. ಗೋಹರಬಾಯಿ ಕಾಲಿಟ್ಟದ್ದು ಇದೆಲ್ಲ ಆದ ಮೂರು ವರ್ಷದ ಮೇಲೆ. ಅಂಗಡಿ ಲುಕ್ಸಾನಾಗಿ ಬಾಗಿಲು ಹಾಕುವ ಹೊತ್ತಿಗೆ ಬಂದ ಗುಮಾಸ್ತನ ಮೇಲೆ ಹಳೆಯ ಬಾಕಿಯೆಲ್ಲ ಬರೆದಂತಾಯಿತು ಇದು. ವ್ಯಾಪಾರಸ್ಥರಾದ ಓದುಗರಿಗೆ ಇದರಲ್ಲಿನ ನ್ಯಾಯ ಬಿಡಿಸಿ ಹೇಳಬೇಕಿಲ್ಲ.

೧೯೪೦ರಲ್ಲಿ ಬಾಲಗಂಧರ್ವರ ಪತ್ನಿ ತೀರಿಕೊಂಡರು. ೧೯೫೧ರಲ್ಲಿ ಗೋಹರಬಾಯಿಯವರನ್ನು ಮದುವೆಯಾದರು. ಕೊನೆಗಾಲಕ್ಕೆ ಅವರ ಕಾಲುಗಳ ಸ್ವಾಧೀನ ತಪ್ಪಿತು. ಕೂತಲ್ಲೇ ಕೂತು ಭಜನೆ ಹಾಡುವ ಸ್ಥಿತಿ. ಆಗ ಎತ್ತಿ ಕೂಡಿಸಿದವರು, ಉಣಿಸಿದವರು ಆ ಅಭಿಮಾನಿಗಳಲ್ಲ, ಗೋಹರಬಾಯಿ. ೧೯೬೪ರಲ್ಲಿ ಭಾರತ ಸರಕಾರ ಬಾಲಗಂಧರ್ವರಿಗೆ ಪದ್ಮಭೂಷಣ ಕೊಟ್ಟಿತು. ಅದೇ ವರ್ಷ ಗೋಹರಬಾಯಿ ತೀರಿಕೊಂಡರು.

ತಿರುಗಿ ಅಮೀರಬಾಯಿಯ ಕಡೆ ಬರೋಣ. ೧೯೪೯ರಲ್ಲಿ ‘ಮಹಲ್’, ‘ಅಂದಾಜ್’, ‘ಬರಸಾತ್’ ಒಂದರ ಹಿಂದೆ ಒಂದು ಬಂದವು, ಲತಾ ಮಂಗೇಶಕರರ ತೆಳುವಾದ ದನಿ ಎಲ್ಲರ ಕಿವಿ ಹಿಡಿಯಿತು. ಅಮೀರಬಾಯಿ, ಜೋಹರಾಬಾಯಿ ಅಂಬಾಲೆವಾಲಿ ಇವರದು ತುಂಬಿದ ಗಂಟಲು, ಮೈಫಿಲ್ಲಿನಲ್ಲಿ, ರಂಗದ ಮೇಲೆ ಮೈಕಿಲ್ಲದೆ ಕಡೆಯ ಸಾಲಿಗೆ ಮುಟ್ಟಿಸುವ ದನಿ. ಮೈಕು ಸುಧಾರಿಸಿದ ಮೇಲೆ ಅಷ್ಟು ದನಿ ಬೇಡವಾಯಿತು. ಎರಡು ಮೂರು ವರ್ಷದಲ್ಲಿ ಹಾಡುವ ಕೆಲಸ ನಿಂತಂತೆಯೇ ಆಯಿತು. ಎಷ್ಟೋ ಮಂದಿ ಹೀಗಾದಾಗ ಮನೆಯ ಬಾಗಿಲು ಹಾಕಿಕೊಂಡು ಹಾಳಾದರು. ಈಕೆ ಮತ್ತೆ ಬಣ್ಣ ಹಚ್ಚಿದರು. ತಾಯಿ, ಅತ್ತೆ, ನೆರೆಮನೆಯ ಹಿರಿಯಳು, ಸಿಕ್ಕ ಪಾರ್ಟು ಮಾಡಿದರು. ಯಾವ ನಾಯಕಿಯರಿಗೆ ದನಿ ಕೊಟ್ಟಿದ್ದರೋ ಅಂಥವರ ಬೆನ್ನ ಹಿಂದೆ ನಿಲ್ಲುವ ಪಾರ್ಟು. ಹೊಟ್ಟೆಗೆ ನಾಚಿಕೆ ಯಾಕೆ?

ವಿಜಾಪುರದ ಟಾಕೀಜು ಈ ಹೆಣ್ಣುಮಗಳ ಜಾಣತನಕ್ಕೆ ಸಾಕ್ಷಿ. ಕಿಸ್ಮತ್ ಸಿನಿಮಾದ ಹುಡುಗಿಯ ಅಪ್ಪ ಥೇಟರು ಕಳಕೊಂಡ. ಆ ಹುಡುಗಿಗೆ ದನಿ ಕೊಟ್ಟಾಕೆ ತನ್ನ ಜಿಲ್ಲೆಯಲ್ಲಿ ಥೇಟರು ಕಟ್ಟಿದರು. ಆಗಿನ ಕಾಲದ ಹಾಡುಗಾರ್ತಿಯರು ಬಹಳ ಮಂದಿ ಬಂಗಾರ, ಮೋಟರಿಗೆ ರೊಕ್ಕ ಸುರಿದು ಕಡೆಗೆ ಬಾಡಿಗೆ ಕೋಣೆಯಲ್ಲಿ ಸತ್ತರು. ಮುಂಬಯಿಯಲ್ಲೇ ಗಳಿಸಿ ಮುಂಬಯಿಯಲ್ಲೇ ಕಳೆಯದೆ ಊರ ಕಡೆಗೆ ತಂದು ಹಾಕಿದವರು ಎಷ್ಟು ಜನ? ನಮ್ಮ ಮಂದಿ ಅಲ್ಲಿ ಟಿಕೀಟು ಹರಿಸಿಕೊಂಡು ಒಳಗೆ ಹೋದದ್ದು ಆಕೆಯ ಹಾಡಿನ ದುಡಿಮೆಯ ಸೂರಿನ ಕೆಳಗೆ. ಕನ್ನಡದಲ್ಲಿ ಆಕೆಯ ಬಾಳನ್ನು ಹುಡುಕಿ ಪುಸ್ತಕ ಬರೆದವರು ರಹಮತ್ ತರೀಕೆರೆ. ನಮ್ಮ ಜಿಲ್ಲೆಯವರು ಮಾಡಬೇಕಾದ ಕೆಲಸವನ್ನು ತರೀಕೆರೆ ಕಡೆಯವರು ಮಾಡಬೇಕಾಯಿತು.

೧೯೬೫ರ ಫೆಬ್ರುವರಿ ಕೊನೆಗೆ ಅಮೀರಬಾಯಿಗೆ ಲಕ್ವ ಹೊಡೆಯಿತು. ನಾಲ್ಕು ದಿನ ಒದ್ದಾಡಿ ಮಾರ್ಚ್ ೩ರಂದು ಕಣ್ಣು ಮುಚ್ಚಿದರು. ಗೋಹರಬಾಯಿ ಹೋಗಿ ಹೆಚ್ಚು ದಿನ ಆಗಿರಲಿಲ್ಲ. ಬಾಲಗಂಧರ್ವರು ಇನ್ನೆರಡು ವರ್ಷ ಹಾಸಿಗೆಯಲ್ಲಿದ್ದು ೧೯೬೭ರ ಜುಲೈಯಲ್ಲಿ ತೀರಿಕೊಂಡರು. ಮೂವತ್ತು ವರ್ಷಕ್ಕೂ ಮೇಲೆ ಮುಂಬಯಿಯ ಸಿನಿಮಾಕ್ಕೆ ದುಡಿದ ಅಮೀರಬಾಯಿಯ ದಫನ್ ಆದದ್ದು ವಿಜಾಪುರದಲ್ಲಿ.