ಈಸ್ಟ್ ಬೆಂಗಾಲ್‌ನ ‘ಹಾವಾಡಿಗ’ ಅಹ್ಮದ್ ಖಾನ್

1952ರ ಜುಲೈ 15. ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಫುಟ್ಬಾಲ್ ತಂಡ ಯುಗೊಸ್ಲಾವಿಯ ಎದುರು 1–10ರಿಂದ ಸೋತಿತು. ಆ ಹೀನಾಯ ಸೋಲಿನಲ್ಲಿ, ಪಂದ್ಯ ಮುಗಿಯುವ ಹೊತ್ತಿಗೆ ಭಾರತದ ಮಾನ ಕಾಯಲೆಂಬಂತೆ ಬಂದ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು.

ಖಾನ್ ಜನಿಸಿದ್ದು 1926ರ ಡಿಸೆಂಬರ್ 24ರಂದು. ಸಹೋದರರೂ ಫುಟ್ಬಾಲ್ ಆಡುತ್ತಿದ್ದ ಮನೆತನ. ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಪಳಗಿ, 1948ರ ಲಂಡನ್ ಒಲಿಂಪಿಕ್ಸ್‌ಗೆ ಆಯ್ಕೆಯಾದರು. ಬಹುಪಾಲು ಬರಿಗಾಲಿನಲ್ಲಿಯೇ ಕಣಕ್ಕಿಳಿದ ಭಾರತೀಯರು ಎರಡು ಪೆನಾಲ್ಟಿ ಕೈಚೆಲ್ಲಿ ಫ್ರಾನ್ಸ್‌ಗೆ 1–2ರಿಂದ ಮಣಿದರು. ಅಂದು ಗೋಲು ಗಳಿಸಿದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಸ್ವತಂತ್ರ ಭಾರತ ತನ್ನ ಮೊದಲೆರಡು ಒಲಿಂಪಿಕ್ಸ್‌ಗಳಲ್ಲಿ ಗಳಿಸಿದ ಎರಡೂ ಗೋಲುಗಳು ಹೀಗೆ ಬೆಂಗಳೂರಿನ ಪಾಲಾದವು. (ಆಗ ನಮ್ಮ ಮುಳ್ಳೂರು ಸೇರಿದಂತೆ ಕೊಳ್ಳೇಗಾಲ ತಾಲ್ಲೂಕು ಮದರಾಸಿಗೆ ಸೇರಿತ್ತು, ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಈ ಹೆಮ್ಮೆಯಲ್ಲಿ ನಮಗೆ ಪಾಲು ದೊರೆತದ್ದು ತುಸು ತಡವಾಗಿ.)

1949ರಲ್ಲಿ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ದೇಶ ವಿಭಜನೆಯಾಗಿ ಆಗಿನ್ನೂ ಎರಡೇ ವರ್ಷ. ಪೂರ್ವ ಬಂಗಾಳದಲ್ಲಿ ಮನೆಮಠ ತೊರೆದು ಬಂದ ನಿರಾಶ್ರಿತರಿಗೆ ಈ ಕ್ಲಬ್ಬೇ ಕಳೆದುಹೋದ ಊರು. ಅಂಥವರು ಬೆಂಗಳೂರಿನ ಮುಸ್ಲಿಂ ಯುವಕನೊಬ್ಬನನ್ನು ತಮ್ಮವನೆಂದು ಎದೆಗಪ್ಪಿಕೊಂಡರು. ಖಾನ್ ಗಳಿಸಿದ ಗೋಲುಗಳಿಗಿಂತ ದೊಡ್ಡ ಸಂಗತಿ ಇದೆಂದೇ ಹೇಳಬೇಕು.

ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಹಾಗೂ ಖಾನ್. ದಕ್ಷಿಣದಿಂದ ಬಂದ ಈ ಐವರು ಮುನ್ಪಡೆ ಆಟಗಾರರನ್ನು ಬಂಗಾಳದ ಅಭಿಮಾನಿಗಳು ‘ಪಂಚಪಾಂಡವರು’ ಎಂದು ಕರೆದರು. 1949ರಲ್ಲಿಯೇ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರೂ ಕ್ಲಬ್‌ಗೆ ಒಲಿದವು. ಶೀಲ್ಡ್ 1951ರವರೆಗೆ ಸತತ ಮೂರು ವರ್ಷ ಕೈಬಿಡಲಿಲ್ಲ. ಇನ್‌ಸೈಡ್ ಲೆಫ್ಟ್ ಸ್ಥಾನದಲ್ಲಿ ಆಡುತ್ತಿದ್ದ ಖಾನ್ ಬರಿಯ ಪಾದಕ್ಕೆ ಚೆಂಡನ್ನು ಅಂಟಿಸಿಕೊಂಡವರಂತೆ ಎದುರಾಳಿಗಳ ನಡುವೆ ನುಸುಳುತ್ತಿದ್ದರು. ‘ಹಾವಾಡಿಗ’ ಎಂಬ ಬಿರುದು ಬಂದದ್ದು ಹಾಗೆ. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಮಣಿಸಿ ಚಿನ್ನ ಗೆದ್ದ ಭಾರತ ತಂಡದಲ್ಲಿಯೂ ಅವರಿದ್ದರು.

ಹೆಲ್ಸಿಂಕಿಯ ಸೋಲಿನ ಬಳಿಕ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಬೂಟುಗಳನ್ನು ಕಡ್ಡಾಯಗೊಳಿಸಿತು. ನಿರ್ಧಾರ ಸರಿಯಾದದ್ದೇ. ಆದರೆ ಬರಿಗಾಲಿನ ಸ್ಪರ್ಶವನ್ನೇ ನೆಚ್ಚಿದ್ದ ಕಲಾವಿದನಿಗೆ ಇಪ್ಪತ್ತೈದು ದಾಟಿದ ಮೇಲೆ ಆಟವನ್ನು ಹೊಸದಾಗಿ ಕಲಿಯುವ ಪಾಡು. ಖಾನ್ ಕಲಿತರು. ಪಂಚಪಾಂಡವರ ಜೊತೆಯಾಟ 1953ಕ್ಕೆ ಮುಗಿಯಿತಾದರೂ ಅವರು ಕ್ಲಬ್ ಬದಲಿಸಲಿಲ್ಲ. 1959ರವರೆಗೂ ಅದೇ ಕೆಂಪು-ಹಳದಿ ಅಂಗಿಯಲ್ಲಿ ಆಡಿದರು.

ಅಹ್ಮದ್ ಖಾನ್ ತಮ್ಮ 90ನೇ ವಯಸ್ಸಿನಲ್ಲಿ, 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ ನಿಧನರಾದರು.