ಗುರುದತ್ – ಬೆಂಗಳೂರಿನಲ್ಲಿ ಜನಿಸಿದ ಹಿಂದಿ ಚಿತ್ರರಂಗದ ಧ್ರುವತಾರೆ

ಹಿಂದಿ ಚಿತ್ರರಂಗದ ಸುವರ್ಣಯುಗವೆಂದು ಕರೆಯಲ್ಪಡುವ 1950ರ ದಶಕದ ಮಾತು ಬಂದಾಗಲೆಲ್ಲ ರಾಜ್ ಕಪೂರ್, ಬಿಮಲ್ ರಾಯ್, ಮೆಹಬೂಬ್ ಖಾನ್ ಅವರ ಸಾಲಿನಲ್ಲಿ ತಪ್ಪದೆ ಕೇಳಿಬರುವ ಇನ್ನೊಂದು ಹೆಸರು ಗುರುದತ್. ಕನ್ನಡಿಗರು ಸೇರಿದಲ್ಲಿ ಈ ಹೆಸರು ಬಂದರೆ, ಅವರು ನಮ್ಮ ಬೆಂಗಳೂರಿನವರಲ್ಲವೇ ಎಂದು ಯಾರಾದರೊಬ್ಬರು ಹೆಮ್ಮೆಯಿಂದ ನೆನಪಿಸುವುದುಂಟು. ಮಾತು ನಿಜವೇ. ಆದರೆ ಹುಟ್ಟಿದ ಊರೊಂದನ್ನೇ ಹಿಡಿದುಕೊಂಡು ನಾವು ಅವರನ್ನು ನಮ್ಮವರೆಂದು ಕರೆದರೆ ಆ ಹೆಮ್ಮೆಗೆ ತಳಹದಿ ಸಾಲದು. ಗುರುದತ್ ಅವರ ಬದುಕಿನಲ್ಲಿ ಕನ್ನಡಕ್ಕೆ ಸಲ್ಲುವ ಪಾಲು ಬೇರೆ ಎರಡು ಕಡೆ ಇದೆ. ಒಂದು ಅವರ ತಾಯಿಯ ಲೇಖನಿಯಲ್ಲಿ, ಮತ್ತೊಂದು ಅವರ ಛಾಯಾಗ್ರಾಹಕನ ಕಣ್ಣಿನಲ್ಲಿ.

ಗುರುದತ್ ಜನಿಸಿದ್ದು 1925ರ ಜುಲೈ 9ರಂದು. ಇಟ್ಟ ಹೆಸರು ವಸಂತಕುಮಾರ. ಎಳವೆಯಲ್ಲಿ ಅಪಘಾತವೊಂದು ಸಂಭವಿಸಿದ ಮೇಲೆ, ಶುಭವಾಗಲೆಂದು ಹಿರಿಯರು ಗುರುದತ್ತನೆಂದು ಹೆಸರು ಬದಲಾಯಿಸಿದರು. ತಂದೆ ಶಿವಶಂಕರರಾವ್ ಪಡುಕೋಣೆ, ತಾಯಿ ವಾಸಂತಿ. ಮನೆತನದ ಹೆಸರಿನಲ್ಲಿರುವ ಪಡುಕೋಣೆ ಕುಂದಾಪುರದ ಕಡೆಯ ಕರಾವಳಿಯ ಗ್ರಾಮ. ಚಿತ್ರಾಪುರ ಸಾರಸ್ವತ ಕುಟುಂಬವಾದ್ದರಿಂದ ಮನೆಮಾತು ಕೊಂಕಣಿ. ತಂದೆ ಮುಖ್ಯೋಪಾಧ್ಯಾಯರಾಗಿ, ಬ್ಯಾಂಕಿನಲ್ಲಿ ನೌಕರರಾಗಿ ದುಡಿದವರು. ಉದ್ಯೋಗ ಅವರನ್ನು ಕಲ್ಕತ್ತೆಗೆ ಕರೆದೊಯ್ಯಿತು. ಹೀಗಾಗಿ ಬಾಲಕ ಗುರುದತ್ ಬೆಳೆದದ್ದು ಭವಾನಿಪುರದ ಬೀದಿಗಳಲ್ಲಿ, ಬಂಗಾಳಿ ಭಾಷೆಯ ನಡುವೆ, ಬಾವುಲ್ ಗಾಯಕರ ಹಾಡು ಮತ್ತು ಜಾತ್ರಾ ನಾಟಕಗಳ ನಡುವೆ. ಮುಂದೆ ಬಂಗಾಳದವರೇ ಅವರನ್ನು ತಮ್ಮವರೆಂದು ಭಾವಿಸುವಷ್ಟು ಆ ಮಣ್ಣು ಅವರಿಗೆ ಹತ್ತಿತ್ತು.

ತಾಯಿ ವಾಸಂತಿಯವರ ಬಗ್ಗೆ ಇಲ್ಲಿ ವಿಶೇಷವಾಗಿ ಹೇಳಬೇಕು. ಕಿರಿಯ ವಯಸ್ಸಿನಲ್ಲೇ ಮದುವೆಯಾಗಿ ಸಂಸಾರದ ಹೊಣೆ ಹೊತ್ತ ಈ ಮಹಿಳೆ ಶಿಕ್ಷಕಿಯಾಗಿ ದುಡಿದರು. ಐವರು ಮಕ್ಕಳನ್ನು ಸಾಕುತ್ತಲೇ ಕಥೆಗಳನ್ನು ಬರೆದರು, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ಅನುವಾದಿಸಿದರು. ಬಂಗಾಳಿ ಸಾಹಿತ್ಯವನ್ನು ಕನ್ನಡದ ಅಕ್ಷರಗಳಲ್ಲಿ ಇಳಿಸುತ್ತ ಕುಳಿತ ತಾಯಿಯನ್ನು ನೋಡುತ್ತ ಬೆಳೆದ ಮಗನೇ ಮುಂದೆ ಬಿಮಲ್ ಮಿತ್ರರ ಬಂಗಾಳಿ ಕಾದಂಬರಿಯನ್ನು ಹಿಂದಿ ಚಲನಚಿತ್ರವಾಗಿಸಿದ್ದು ಕೇವಲ ಆಕಸ್ಮಿಕವಿರಲಾರದು. ಮಗನ ನಿಧನಾನಂತರ ವಾಸಂತಿಯವರು 'ನನ್ನ ಮಗ ಗುರುದತ್ತ' ಎಂಬ ಪುಸ್ತಕವನ್ನು ಬರೆದರು. ಗುರುದತ್ ಬಗ್ಗೆ ಇಂಗ್ಲಿಷ್, ಹಿಂದಿಗಳಲ್ಲಿ ಅನೇಕ ಗ್ರಂಥಗಳು ಬಂದಿವೆ. ಹೆತ್ತವಳು ಬರೆದದ್ದು ಮಾತ್ರ ಕನ್ನಡದಲ್ಲಿ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ತಿಳಿದಿದೆ?

ಅಜ್ಜಿ ಸಂಜೆ ದೇವರಿಗೆ ದೀಪ ಹಚ್ಚಿದಾಗ, ಆ ಬೆಳಕಿಗೆ ಕೈಯೊಡ್ಡಿ ಗೋಡೆಯ ಮೇಲೆ ಬೆರಳ ನೆರಳಿನ ಚಿತ್ರಗಳನ್ನು ಮೂಡಿಸುವುದು ಹುಡುಗನ ಮೆಚ್ಚಿನ ಆಟವಾಗಿತ್ತೆಂದು ಮನೆಯವರು ನೆನೆಯುತ್ತಿದ್ದರು. ಮೆಟ್ರಿಕ್ ಮುಗಿದ ಮೇಲೆ ಕಾಲೇಜಿಗೆ ಹೋಗಲು ಹಣದ ಅನುಕೂಲವಿರಲಿಲ್ಲ. ಕಲ್ಕತ್ತೆಯಲ್ಲಿ ಸಿನಿಮಾ ಭಿತ್ತಿಚಿತ್ರಗಳನ್ನು ಬರೆಯುತ್ತಿದ್ದ ಬಂಧು ಬಿ. ಬಿ. ಬೆನಗಲ್ ಅವರ ನೆರವಿನಿಂದ, ಹಿಮಾಲಯದ ಅಲ್ಮೋರಾದಲ್ಲಿ ಉದಯಶಂಕರ್ ನಡೆಸುತ್ತಿದ್ದ ಕಲಾಕೇಂದ್ರಕ್ಕೆ ಸೇರುವ ಅವಕಾಶ ದೊರೆಯಿತು. ಯುದ್ಧಕಾಲದ ಸಂಕಷ್ಟದಿಂದ 1944ರಲ್ಲಿ ಆ ಕೇಂದ್ರ ಮುಚ್ಚಿತು. ಕಲಿತದ್ದು ಕೆಲವೇ ವರ್ಷವಾದರೂ, ದೇಹದ ಚಲನೆಯಿಂದಲೇ ಭಾವ ಹೇಳುವ ಕಲೆ ಅಲ್ಲಿ ಅವರಿಗೆ ದಕ್ಕಿತು. ಗುರುದತ್ ಚಿತ್ರಗಳಲ್ಲಿ ಕ್ಯಾಮೆರಾ ಪಾತ್ರಗಳ ಸುತ್ತ ಸುಳಿಯುವ ರೀತಿಯನ್ನು ಗಮನಿಸಿದವರಿಗೆ ಈ ನೃತ್ಯಾಭ್ಯಾಸದ ನೆನಪಾಗದಿರದು. ಕಲ್ಕತ್ತೆಯ ಲಿವರ್ ಬ್ರದರ್ಸ್ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿಯೂ ಸ್ವಲ್ಪ ಕಾಲ ದುಡಿದರು. ಆ ಕೆಲಸ ಅವರಿಗೆ ಒಗ್ಗಲಿಲ್ಲ.

1944ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯಲ್ಲಿ ಮೂರು ವರ್ಷಗಳ ಕರಾರಿನ ಮೇಲೆ ನೌಕರಿ ಸಿಕ್ಕಿತು. ಸಣ್ಣಪುಟ್ಟ ಪಾತ್ರ, ಸಹಾಯಕ ನಿರ್ದೇಶನ, ನೃತ್ಯ ಸಂಯೋಜನೆ ಎಲ್ಲವನ್ನೂ ಮಾಡಿದರು. ದೇವ್ ಆನಂದ್ ಅವರ ಮೊದಲ ಚಿತ್ರ 'ಹಮ್ ಏಕ್ ಹೈ' ತಯಾರಾದದ್ದು ಅಲ್ಲೇ. ಅಗಸ ಅದಲುಬದಲು ಮಾಡಿ ಕೊಟ್ಟ ಅಂಗಿಯೊಂದರಿಂದ ಈ ಇಬ್ಬರ ಸ್ನೇಹ ಬೆಳೆಯಿತೆಂಬ ಕಥೆಯನ್ನು ಚಿತ್ರರಸಿಕರು ಕೇಳಿಯೇ ಇರುತ್ತಾರೆ. ತಾನು ನಿರ್ಮಾಪಕನಾದರೆ ನಿರ್ದೇಶನ ಗುರುದತ್ತನದು, ಗುರುದತ್ ನಿರ್ದೇಶಕನಾದರೆ ನಾಯಕ ದೇವ್ ಆನಂದ್ ಎಂದು ಅವರು ಮಾತು ಕೊಟ್ಟುಕೊಂಡರು. ಕರಾರು 1947ರಲ್ಲಿ ಮುಗಿದ ಮೇಲೆ ಬಂದದ್ದು ಮಾತ್ರ ನಿರುದ್ಯೋಗದ ದಿನಗಳು. ಮುಂಬಯಿಯ ಮಾಟುಂಗಾದ ಮನೆಯಲ್ಲಿ ಕುಳಿತು ಇಂಗ್ಲಿಷಿನಲ್ಲಿ ಸಣ್ಣಕಥೆಗಳನ್ನು ಬರೆದರು. ಜಗತ್ತಿಗೆ ಬೇಡವಾದ ಕಲಾವಿದನೊಬ್ಬನ ಕಥೆಯನ್ನು ಕಾಗದಕ್ಕಿಳಿಸಿದ್ದೂ ಆ ದಿನಗಳಲ್ಲೇ. ಅದಕ್ಕೆ 'ಕಶ್ಮಕಶ್' ಎಂದು ಹೆಸರಿಟ್ಟು ಪೆಟ್ಟಿಗೆಯಲ್ಲಿರಿಸಿದರು. ಹತ್ತು ವರ್ಷಗಳ ತರುವಾಯ ಅದೇ 'ಪ್ಯಾಸಾ' ಆಯಿತು.

ಅಮಿಯ ಚಕ್ರವರ್ತಿ, ಜ್ಞಾನ್ ಮುಖರ್ಜಿ ಅವರ ಕೈಕೆಳಗೆ ಪಳಗಿದ ಬಳಿಕ, ದೇವ್ ಆನಂದ್ ಕೊಟ್ಟ ಮಾತಿನಂತೆ ನವಕೇತನ್ ಸಂಸ್ಥೆಯ 'ಬಾಜಿ' ಚಿತ್ರದ ನಿರ್ದೇಶನವನ್ನು ಅವರಿಗೊಪ್ಪಿಸಿದರು. 1951ರಲ್ಲಿ ತೆರೆಕಂಡ ಈ ಚಿತ್ರ ಯಶಸ್ವಿಯಾಯಿತು. ಅದರ ಹಾಡಿನ ಧ್ವನಿಮುದ್ರಣದ ಸಮಯದಲ್ಲಿ ಗಾಯಕಿ ಗೀತಾ ರಾಯ್ ಅವರ ಪರಿಚಯವಾಗಿ, 1953ರ ಮೇ 26ರಂದು ವಿವಾಹವೂ ನೆರವೇರಿತು. ಗೀತಾ ಆಗಲೇ ದೇಶದಾದ್ಯಂತ ಹೆಸರಾದ ಗಾಯಕಿ. ಗುರುದತ್ ಇನ್ನೂ ಹೆಸರು ಮಾಡಬೇಕಿದ್ದ ನಿರ್ದೇಶಕ.

'ಬಾಜಿ'ಯ ಸೆಟ್ಟಿನಲ್ಲೇ ಇನ್ನೊಂದು ಪರಿಚಯವಾಯಿತು. ಮೈಸೂರಿನಲ್ಲಿ 1923ರಲ್ಲಿ ಜನಿಸಿದ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಬಂದಿದ್ದ ವಿ. ಕೆ. ಮೂರ್ತಿ ಆ ಚಿತ್ರದಲ್ಲಿ ಸಹಾಯಕ ಛಾಯಾಗ್ರಾಹಕರು. ಹಾಡಿನ ದೃಶ್ಯವೊಂದನ್ನು ಕನ್ನಡಿಯ ಪ್ರತಿಬಿಂಬದಿಂದ ತೊಡಗಿ ಕ್ಯಾಮೆರಾ ಸರಿಸುತ್ತ ಒಂದೇ ಓಟದಲ್ಲಿ ತೆಗೆಯಬಹುದೆಂದು ಅವರು ಸೂಚಿಸಿದರು. ಕಷ್ಟವೆಂದು ಇತರರು ಹಿಂಜರಿದಾಗ ತಾವೇ ಕ್ಯಾಮೆರಾ ಹಿಡಿದು ತೆಗೆದುಕೊಟ್ಟರು. ಮುಂದಿನ ಚಿತ್ರದಿಂದ ಛಾಯಾಗ್ರಹಣ ನಿಮ್ಮದೇ ಎಂದು ಗುರುದತ್ ಅಂದೇ ನಿರ್ಧರಿಸಿದರು. 1952ರ 'ಜಾಲ್'ನಿಂದ ಹತ್ತು ವರ್ಷಗಳ ಕಾಲ ಆ ಜೋಡಿ ಕಪ್ಪು ಬಿಳುಪು ಚಿತ್ರಗಳಲ್ಲಿ ಮಾಡಿದ ಕೆಲಸವನ್ನು ಇಂದಿಗೂ ಚಲನಚಿತ್ರ ವಿದ್ಯಾರ್ಥಿಗಳು ಅಭ್ಯಸಿಸುತ್ತಾರೆ.

1953ರ 'ಬಾಜ್' ಚಿತ್ರದಲ್ಲಿ ಗುರುದತ್ ತಾವೇ ನಾಯಕರಾದರು. ಚಿತ್ರ ಸೋತಿತು. ಅದರ ಹಿಂದೆಯೇ ಬಂದ 'ಆರ್ ಪಾರ್' (1954) ಮತ್ತು 'ಮಿಸ್ಟರ್ ಅಂಡ್ ಮಿಸೆಸ್ 55' (1955) ಮಾತ್ರ ಓ. ಪಿ. ನಯ್ಯರ್ ಸಂಗೀತದೊಡನೆ ಮನೆಮಾತಾದವು. ಹಾಡು ಬಂತೆಂದರೆ ಕಥೆ ನಿಲ್ಲಬೇಕೆಂಬ ರೂಢಿಯನ್ನು ಗುರುದತ್ ಒಪ್ಪಲಿಲ್ಲ. ಪಾತ್ರದ ಮಾತೇ ಮುಂದುವರಿದು ಹಾಡಾಗುವಂತೆ, ಎಷ್ಟೋ ಸಲ ಪೀಠಿಕಾ ವಾದ್ಯವೂ ಇಲ್ಲದೆ ಹಾಡನ್ನು ತೊಡಗಿಸುತ್ತಿದ್ದರು. ಎರಡನೆಯ ಚಿತ್ರದಲ್ಲಿ ಅವರದು ವ್ಯಂಗ್ಯಚಿತ್ರಕಾರನ ಪಾತ್ರ. ತೆರೆಯ ಮೇಲೆ ಕಾಣುವ ವ್ಯಂಗ್ಯಚಿತ್ರಗಳನ್ನು ಬರೆದವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್! ಬಸ್ ಕಂಡಕ್ಟರಾಗಿದ್ದ ಬದ್ರುದ್ದೀನ್ ಕಾಜಿ 'ಜಾನಿ ವಾಕರ್' ಆಗಿ ಬೆಳೆದದ್ದು, ತೆಲುಗಿನ 'ರೋಜುಲು ಮಾರಾಯಿ'ಯಲ್ಲಿ ಕುಣಿದಿದ್ದ ವಹೀದಾ ರೆಹಮಾನ್ 1956ರ 'ಸಿಐಡಿ' ಮೂಲಕ ಹಿಂದಿಗೆ ಬಂದದ್ದು, ಅಬ್ರಾರ್ ಅಲ್ವಿ ಸಂಭಾಷಣೆಕಾರರಾಗಿ ಹೊಮ್ಮಿದ್ದು ಎಲ್ಲವೂ ಈ ವರ್ಷಗಳಲ್ಲೇ. ಯೋಗ್ಯರನ್ನು ಗುರುತಿಸುವುದರಲ್ಲಿ ಗುರುದತ್ ಎಂದೂ ಎಡವಲಿಲ್ಲ.

1957ರಲ್ಲಿ 'ಪ್ಯಾಸಾ' ಬಂದಿತು. ಬದುಕಿದ್ದಾಗ ಯಾರಿಗೂ ಬೇಡವಾದ ಕವಿ ವಿಜಯ್, ಸತ್ತನೆಂಬ ಸುದ್ದಿ ಹಬ್ಬಿದ ಕೂಡಲೇ ಪೂಜ್ಯನಾಗುತ್ತಾನೆ. ಹೊರದೂಡಿದ್ದ ಅಣ್ಣಂದಿರೇ ಪುಸ್ತಕದ ಲಾಭಕ್ಕೆ ಕೈಯೊಡ್ಡುತ್ತಾರೆ. ಅವನ ಕವಿತೆಗಳಿಗೆ ಬೆಲೆ ಕೊಟ್ಟವಳು ಬೀದಿಯ ವೇಶ್ಯೆ ಗುಲಾಬೋ ಒಬ್ಬಳೇ. ದಿಲೀಪ್ ಕುಮಾರ್ ಮಾಡಬೇಕಿದ್ದ ಪಾತ್ರ ಕಡೆಗೆ ಗುರುದತ್ ಪಾಲಿಗೇ ಬಂದಿತು. ಸಾಹಿರ್ ಲುಧಿಯಾನ್ವಿಯವರ ಗೀತೆ, ಸಚಿನ್ ದೇವ್ ಬರ್ಮನ್ನರ ಸಂಗೀತ ಎರಡೂ ಚಿತ್ರದ ಉಸಿರಾಗಿವೆ. ಸ್ವಾತಂತ್ರ್ಯ ಬಂದು ಹತ್ತು ವರ್ಷ ತುಂಬುವ ಮೊದಲೇ ದೇಶದ ಆತ್ಮಸಾಕ್ಷಿಯನ್ನು ಹೀಗೆ ಬಹಿರಂಗವಾಗಿ ಪ್ರಶ್ನಿಸಿದ ಚಿತ್ರವನ್ನು ಜನ ಮೆಚ್ಚಿ ನೋಡಿದರು. ಟೈಮ್ ಪತ್ರಿಕೆ 2005ರಲ್ಲಿ ಪ್ರಕಟಿಸಿದ ಸಾರ್ವಕಾಲಿಕ 100 ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ 'ಪ್ಯಾಸಾ' ಸೇರಿತು.

ಈ ಗೆಲುವಿನ ಧೈರ್ಯದಿಂದ ಗುರುದತ್ ಕೈಹಾಕಿದ್ದು 'ಕಾಗಜ್ ಕೆ ಫೂಲ್' ಚಿತ್ರಕ್ಕೆ. 1959ರಲ್ಲಿ ಬಿಡುಗಡೆಯಾದ ಇದು ಭಾರತದ ಪ್ರಥಮ ಸಿನಿಮಾಸ್ಕೋಪ್ ಚಿತ್ರ. ಹೆಂಡತಿಯಿಂದ ದೂರವಾದ, ಮಗಳ ಸಂಗವನ್ನೂ ಕಳೆದುಕೊಂಡ ಪ್ರಸಿದ್ಧ ನಿರ್ದೇಶಕನೊಬ್ಬ, ತಾನೇ ಬೆಳಕಿಗೆ ತಂದ ನಟಿಯ ಮೇಲಿನ ಅನುರಾಗ ಮತ್ತು ಲೋಕದ ನಿಂದೆಗಳ ನಡುವೆ ಸಿಲುಕಿ ಕುಡಿತಕ್ಕೆ ಬೀಳುತ್ತಾನೆ. ಕೊನೆಗೆ ಖಾಲಿ ಸ್ಟುಡಿಯೋದಲ್ಲಿ ನಿರ್ದೇಶಕನ ಕುರ್ಚಿಯಲ್ಲೇ ಪ್ರಾಣ ಬಿಡುತ್ತಾನೆ.

ಸ್ಟುಡಿಯೋದ ಮೇಲ್ಗಡೆಯ ಕಿಂಡಿಯಿಂದ ಬಿಸಿಲಕೋಲು ಇಳಿಯುತ್ತಿದ್ದುದನ್ನು ಕಂಡು, ಅಂಥದೇ ಬೆಳಕು ತಮಗೆ ಚಿತ್ರದಲ್ಲಿ ಬೇಕೆಂದು ಗುರುದತ್ ಕೇಳಿದರಂತೆ. ದೀಪಗಳಿಂದ ಆ ಪರಿಣಾಮ ಸಿಗದೆಂದು ಬಲ್ಲ ಮೂರ್ತಿಯವರು ಎರಡು ದೊಡ್ಡ ಕನ್ನಡಿಗಳನ್ನು ತರಿಸಿದರು. ಹೊರಗಿನ ಕನ್ನಡಿ ಸೂರ್ಯನನ್ನು ಹಿಡಿದು ಒಳಗಿನ ಅಟ್ಟಣೆಯ ಕನ್ನಡಿಗೆ ಕೊಟ್ಟಿತು. ಅದು ಬೆಳಕನ್ನು ನೇರವಾಗಿ ನೆಲಕ್ಕಿಳಿಸಿತು. ತುಸು ಹೊಗೆಯಾಡಿಸಿದಾಗ ಮೂಡಿದ ಆ ಪ್ರಕಾಶಸ್ತಂಭದ ಎರಡು ಬದಿಗೆ ಗುರುದತ್ ಮತ್ತು ವಹೀದಾ ಮಾತಿಲ್ಲದೆ ನಿಲ್ಲುತ್ತಾರೆ. ಹಿನ್ನೆಲೆಯಲ್ಲಿ ಕೈಫಿ ಆಜ್ಮಿಯವರ ಗೀತೆ ಕೇಳುತ್ತದೆ. ಹಾಡುತ್ತಿರುವುದು ಗೀತಾ ದತ್. ಆ ವೇಳೆಗೆ ಗುರುದತ್ ಅವರ ದಾಂಪತ್ಯ ಬಿರುಕುಬಿಟ್ಟಿದ್ದು, ವಹೀದಾ ಅವರ ಹೆಸರನ್ನು ಜೋಡಿಸಿ ಪತ್ರಿಕೆಗಳು ಬರೆಯುತ್ತಿದ್ದವು. ಆ ಗಾಸಿಪ್ಪುಗಳ ವಿಚಾರ ನಮಗೆ ಬೇಡ. ಆದರೆ ತನ್ನ ಮನೆಯ ಸಂಕಟದ ನೆರಳು ಬಿದ್ದ ದೃಶ್ಯಕ್ಕೆ ಆ ಗೃಹಿಣಿ ಅಷ್ಟು ಆರ್ದ್ರವಾಗಿ ದನಿಗೊಟ್ಟದ್ದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಚಿತ್ರ ನೆಲಕಚ್ಚಿತು. ಜನರಿಗೆ ಆ ಕತ್ತಲೆ ಹಿಡಿಸಲಿಲ್ಲ. ಮೂರ್ತಿಯವರಿಗೆ ಫಿಲಂಫೇರ್ ಪ್ರಶಸ್ತಿ ಬಂದಿತು. ಗುರುದತ್ ಮಾತ್ರ ಆ ಬಳಿಕ ಯಾವ ಚಿತ್ರಕ್ಕೂ ನಿರ್ದೇಶಕನೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. 1951ರಿಂದ 1959ರವರೆಗೆ ಎಂಟು ಚಿತ್ರ, ಅಷ್ಟೇ. ವಿಚಿತ್ರವೆಂದರೆ ವ್ಯವಹಾರದಲ್ಲಿ ಅವರು ಸೋತವರಲ್ಲ. ಮರುವರ್ಷವೇ ಎಂ. ಸಾದಿಕ್ ನಿರ್ದೇಶನದಲ್ಲಿ ಅವರು ನಿರ್ಮಿಸಿ ನಟಿಸಿದ 'ಚೌದವೀ ಕಾ ಚಾಂದ್' ಭರ್ಜರಿ ಹಣ ಗಳಿಸಿ ಸಂಸ್ಥೆಯನ್ನು ಎತ್ತಿ ನಿಲ್ಲಿಸಿತು. ಬ್ಯಾಂಕಿನಲ್ಲಿ ಮೂರು ದಶಕ ಲೆಕ್ಕ ನೋಡಿದ ನನ್ನಂಥವನಿಗೆ, ಒಂದು ಖಾತೆಯ ನಷ್ಟ ಮತ್ತೊಂದರ ಲಾಭದಲ್ಲಿ ಕರಗಿತೆಂದರೆ ವಿಷಯ ಮುಗಿದಂತೆ. ಗುರುದತ್ ಅವರಿಗೆ ಅದು ಮುಗಿಯಲಿಲ್ಲ. ಆ ಚಿತ್ರದಲ್ಲಿ ಅವರು ಹೂಡಿದ್ದು ಹಣವನ್ನಷ್ಟೇ ಅಲ್ಲವಲ್ಲ.

1962ರ 'ಸಾಹಿಬ್ ಬೀಬಿ ಔರ್ ಗುಲಾಮ್' ಅವರ ಕೊನೆಯ ಮಹತ್ಕೃತಿ. ಬಿಮಲ್ ಮಿತ್ರರ ಕಾದಂಬರಿಯಲ್ಲಿ ಬರುವ ಜಮೀನ್ದಾರಿ ಮನೆತನದ ಅವನತಿಯನ್ನು ಕಲ್ಕತ್ತೆಯ ಸಮೀಪದ ಹಳೆಯ ಭವನದಲ್ಲಿ ಚಿತ್ರಿಸಿದರು. ಗಂಡನನ್ನು ಮನೆಯಲ್ಲಿ ಉಳಿಸಿಕೊಳ್ಳಲು ತಾನೂ ಕುಡಿತಕ್ಕಿಳಿಯುವ ಛೋಟಿ ಬಹೂ ಪಾತ್ರದಲ್ಲಿ ಮೀನಾಕುಮಾರಿ ಅಮರರಾದರು. ಅವರಿಗೆ ದನಿಯಾದವರು ಮತ್ತೆ ಗೀತಾ. ನಿರ್ದೇಶನ ಅಬ್ರಾರ್ ಅಲ್ವಿಯವರದೋ ಗುರುದತ್ ಅವರದೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಹಾಡುಗಳ ಚಿತ್ರೀಕರಣ ಗುರುದತ್ ಅವರದು. ಉಳಿದದ್ದಕ್ಕೆ ಚಿತ್ರದಲ್ಲಿ ಅಲ್ವಿ ಹೆಸರಿರುವಾಗ ಅವರಿಂದ ಅದನ್ನು ಕಸಿಯುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಚಿತ್ರಕ್ಕೆ ರಾಷ್ಟ್ರಪತಿಯವರ ರಜತ ಪದಕ ದೊರೆಯಿತು. 1963ರ ಬರ್ಲಿನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಮೂರ್ತಿಯವರಿಗೆ ಎರಡನೆಯ ಸಲ ಫಿಲಂಫೇರ್ ಸಂದಿತು.

ಅನಂತರದ ಎರಡು ವರ್ಷ ಹೊರಗಿನ ಸಂಸ್ಥೆಗಳ ಚಿತ್ರಗಳಲ್ಲಿ ನಟಿಸುತ್ತಿದ್ದರು. ನಿದ್ರೆ ದೂರವಾಗಿತ್ತು, ಮನೆ ಒಡೆದಿತ್ತು. ಹಿಂದೆ ಎರಡು ಸಲ ಪ್ರಾಣಕ್ಕೆರವಾಗಲು ಯತ್ನಿಸಿದ್ದರು. ಮನಸ್ಸಿನ ಕಾಯಿಲೆಯನ್ನು ಕಾಯಿಲೆಯೆಂದು ಬಾಯಿಬಿಟ್ಟು ಹೇಳುವ ಕಾಲವಲ್ಲ ಅದು. ಕಲಾವಿದನ ವಿಷಾದವೆಂದು ಸುತ್ತಲಿನವರು ಸಮಾಧಾನಪಟ್ಟುಕೊಂಡರೇ ಎನಿಸುತ್ತದೆ. 1964ರ ಅಕ್ಟೋಬರ್ 10ರ ಬೆಳಿಗ್ಗೆ ಮುಂಬಯಿಯ ಪೆಡ್ಡರ್ ರಸ್ತೆಯ ಬಾಡಿಗೆ ಮನೆಯಲ್ಲಿ ಅವರು ಮೃತರಾಗಿ ಕಂಡುಬಂದರು. ಮದ್ಯ ಮತ್ತು ನಿದ್ರೆಮಾತ್ರೆ ಸೇರಿ ಸಂಭವಿಸಿದ ಆ ಸಾವು ಉದ್ದೇಶಪೂರ್ವಕವೋ ಆಕಸ್ಮಿಕವೋ ತೀರ್ಮಾನವಾಗಲಿಲ್ಲ. ವಯಸ್ಸು ಮೂವತ್ತೊಂಬತ್ತು. ತರುಣ್, ಅರುಣ್, ನೀನಾ ಮೂವರೂ ಇನ್ನೂ ಚಿಕ್ಕವರು. ಗೀತಾ ದತ್ 1972ರ ಜುಲೈನಲ್ಲಿ ತೀರಿಕೊಂಡರು. ತಮ್ಮ ಆತ್ಮಾರಾಮ್ ನಿರ್ದೇಶಕರಾಗಿ, ತಂಗಿ ಲಲಿತಾ ಲಾಜ್ಮಿ ಚಿತ್ರ ಕಲಾವಿದೆಯಾಗಿ ಹೆಸರಾದರು. ಬಂಧು ಶ್ಯಾಮ್ ಬೆನಗಲ್ ಹೊಸ ಅಲೆಯ ಚಿತ್ರಗಳ ಮುಂದಾಳಾದರು.

ಅಂದು ತಿರಸ್ಕೃತವಾದ 'ಕಾಗಜ್ ಕೆ ಫೂಲ್' ಚಿತ್ರವನ್ನು ಮುಂದಿನ ಪೀಳಿಗೆ ಮರಳಿ ಎತ್ತಿಕೊಂಡಿತು. ಸಾವಿನ ಬಳಿಕ ಕವಿಯನ್ನು ಕೊಂಡಾಡುವ 'ಪ್ಯಾಸಾ'ದ ಜನಸಮೂಹದಲ್ಲಿ ನಾವೂ ಇದ್ದೇವೆ ಎಂದು ಕೆಲವೊಮ್ಮೆ ಅನಿಸದಿರದು. 2004ರಲ್ಲಿ ಅಂಚೆ ಇಲಾಖೆ ಗುರುದತ್ ಸ್ಮರಣಾರ್ಥ ಚೀಟಿ ಹೊರಡಿಸಿತು. 2015ರಲ್ಲಿ ಪುನರುಜ್ಜೀವಿತ 'ಪ್ಯಾಸಾ' ವೆನಿಸ್ ಚಿತ್ರೋತ್ಸವಕ್ಕೆ ಹೋಯಿತು. ಜನ್ಮಶತಮಾನೋತ್ಸವದ 2025ರ ಆಗಸ್ಟ್‌ನಲ್ಲಿ ದೇಶದ ಅನೇಕ ನಗರಗಳ ಚಿತ್ರಮಂದಿರಗಳಲ್ಲಿ ಅವರ ಚಿತ್ರಗಳು ಮತ್ತೆ ಪ್ರದರ್ಶನಗೊಂಡವು.

ವಿ. ಕೆ. ಮೂರ್ತಿಯವರು ಗೆಳೆಯನ ತರುವಾಯ ಐವತ್ತು ವರ್ಷ ಬದುಕಿದರು. ಬೆನಗಲ್ ಅವರ 'ಭಾರತ್ ಏಕ್ ಖೋಜ್' ಧಾರಾವಾಹಿಗೂ ಅವರ ಕ್ಯಾಮೆರಾ ದುಡಿಯಿತು. 1993ರಲ್ಲಿ, ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ 'ಹೂವು ಹಣ್ಣು' ಚಿತ್ರಕ್ಕೆ ಛಾಯಾಗ್ರಹಣ ಮಾಡಿ, ಆ ಕಣ್ಣನ್ನು ಕನ್ನಡಕ್ಕೂ ಕೊಟ್ಟರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. 2014ರ ಏಪ್ರಿಲ್ 7ರಂದು, ಗುರುದತ್ ಹುಟ್ಟಿದ ಬೆಂಗಳೂರಿನಲ್ಲೇ, ಮೂರ್ತಿಯವರು ಕೊನೆಯುಸಿರೆಳೆದರು.