ಶಾಸನಗಳ ತೇದಿ ಮತ್ತು ಜೆ. ಎಫ್. ಫ್ಲೀಟ್

ಕೆ.ಟಿ. ದೊಡ್ಡಿಗೆ ನೆರೆಯ ಗದ್ವಾಲದಲ್ಲಿ ದೊರೆತ ಬಾದಾಮಿ ಚಾಲುಕ್ಯ ಒಂದನೆಯ ವಿಕ್ರಮಾದಿತ್ಯನ ತಾಮ್ರಪಟವು ಶಕ 596ರ ವೈಶಾಖ ಹುಣ್ಣಿಮೆಯದು, ಎಂದರೆ ಕ್ರಿ.ಶ. 674. ಇಂತಹ ತೇದಿಗಳನ್ನು ಕಂಡೊಡನೆ ನಂಬದೆ ಲೆಕ್ಕಹಾಕಿ ಪರಿಶೀಲಿಸುವ ಶಿಸ್ತನ್ನು ಕನ್ನಡ ಶಾಸನಾಧ್ಯಯನದಲ್ಲಿ ನೆಲೆಗೊಳಿಸಿದವರಲ್ಲಿ ಜಾನ್ ಫೇತ್‌ಫುಲ್ ಫ್ಲೀಟ್ ಪ್ರಮುಖರು.

1847ರಲ್ಲಿ ಜನಿಸಿದ ಫ್ಲೀಟ್ ಅವರು ಲಂಡನ್ನಿನಲ್ಲಿ ಸಂಸ್ಕೃತವನ್ನು ಕಲಿತು, 1867ರಲ್ಲಿ ಮುಂಬಯಿ ಪ್ರಾಂತದ ಆಡಳಿತ ಸೇವೆಗೆ ಬಂದರು. ಹಳಗನ್ನಡ ಶಾಸನಗಳು ಅವರನ್ನು ಸೆಳೆದವು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಅಚ್ಚುಹಾಕಿಸಿದವರೂ ಅವರೇ. 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸವನ್ನು ಪ್ರಕಟಿಸಿದರು. ಮರುವರ್ಷ ಭಾರತ ಸರ್ಕಾರದ ಶಾಸನತಜ್ಞರಾದರು.

ಗುಪ್ತ ಶಕೆಯ ಆರಂಭದ ಬಗೆಗೆ ಆಗ ಹಲವು ಮತಗಳಿದ್ದವು. ಶಂಕರ ಬಾಲಕೃಷ್ಣ ದೀಕ್ಷಿತರ ಗಣಿತದ ನೆರವಿನಿಂದ ಫ್ಲೀಟ್ ಅದನ್ನು ಕ್ರಿ.ಶ. 319–20ಕ್ಕೆ ನಿಲ್ಲಿಸಿದರು. ಏರಣದ ಬುಧಗುಪ್ತನ ಶಾಸನದಲ್ಲಿ ಗುಪ್ತವರ್ಷ 165, ಆಷಾಢ ಶುದ್ಧ ದ್ವಾದಶಿ, ಗುರುವಾರ ಎಂದಿದೆ. ಈ ಲೆಕ್ಕದಲ್ಲಿ ಅದು 484ರ ಜೂನ್ 21, ಗುರುವಾರವೇ ಆಯಿತು.

ತೇದಿಯ ರೂಪ ಬೇರೆ, ಸತ್ಯ ಬೇರೆ. ಇಂದು ಕಂಪ್ಯೂಟರಿನಲ್ಲಿ ಪಠ್ಯದ ತೇದಿಗಳನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಸೂತ್ರವು ಅಂಕಿಗಳ ವಿನ್ಯಾಸವನ್ನಷ್ಟೇ ನೋಡಿದರೆ 31-02-2023ನ್ನೂ ಒಪ್ಪಿಬಿಡುತ್ತದೆ. ಮರ್ಕರಾ ತಾಮ್ರಪಟವೂ ಅಂಥದೇ. ವರ್ಷ 388, ಮಾಘಮಾಸ, ಸೋಮವಾರ, ಸ್ವಾತಿ ನಕ್ಷತ್ರ, ಶುದ್ಧ ಪಂಚಮಿ: ಅಂಗಗಳೆಲ್ಲ ಇದ್ದಂತೆಯೇ ತೋರುತ್ತವೆ. ಆದರೆ ವರ್ಷವು ಯಾವ ಶಕೆಯದೆಂಬುದೇ ಇಲ್ಲ. ಅಲ್ಲದೆ ಮಾಘದ ಹುಣ್ಣಿಮೆಯಲ್ಲಿ ಚಂದ್ರನಿರುವುದು ಮಖೆಯ ಬಳಿ. ದಿನಕ್ಕೊಂದು ನಕ್ಷತ್ರದಂತೆ ಹಿಂದೆ ಎಣಿಸಿದರೆ ಶುದ್ಧ ಪಂಚಮಿಗೆ ರೇವತಿಯ ಆಸುಪಾಸು. ಸ್ವಾತಿ ಬರುವುದು ಬಹುಳ ಪಂಚಮಿಗೆ. ವಿದ್ಯಾರ್ಥಿಗಳು ಪಂಚಾಂಗ ತೆರೆದು ತಾವೇ ನೋಡಬಹುದು.

ಈ ಪಟವೂ ಸೇರಿದಂತೆ ಗಂಗರ ಅನೇಕ ತಾಮ್ರಪಟಗಳನ್ನು ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದರು, ಬಿ. ಎಲ್. ರೈಸ್ ಅವರು ಒಪ್ಪಲಿಲ್ಲ. ವಾದವು ದಶಕಗಳವರೆಗೆ ನಡೆಯಿತು. ಫ್ಲೀಟ್ ಅವರ ಸಂಶಯ ಕೆಲವೊಮ್ಮೆ ಅತಿಯಾಯಿತೆಂದೇ ಹೇಳಬೇಕು. ತೇದಿ ತಪ್ಪಿದ ಮಾತ್ರಕ್ಕೆ ದಾನವೇ ಸುಳ್ಳಾಗದು, ಬರೆದವನು ಎಡವಿರಲೂಬಹುದು. ಆದರೆ ಅವರು ಹಟಮಾರಿಯಾಗಿರಲಿಲ್ಲ. 1897ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ ಮೇಲೂ ಬರೆಯುತ್ತಲೇ ಇದ್ದರು. ಬಾಳಿನ ಕೊನೆಯ ವರ್ಷಗಳಲ್ಲಿ ಗಂಗರ ಪೆನುಕೊಂಡ ತಾಮ್ರಪಟವು ಬೆಳಕಿಗೆ ಬಂದಾಗ ಅದನ್ನು ಪರೀಕ್ಷಿಸಿ ಸಾಚಾ ಎಂದು ಒಪ್ಪಿದರು. 1917ರಲ್ಲಿ ನಿಧನರಾದರು.